ಬಾಗಿಲು ಒಳಕ್ಕೋ, ಹೊರಕ್ಕೋ

ಮನೆ, ಅಡುಗೆಮನೆಯ ಮೇಜು
ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಅಣ್ಣನ ಮನೆಯ ಮೆಟ್ಟಿಲು ಹತ್ತಿ ಇಳಿದು ಅದನ್ನು ಇನ್ನಷ್ಟು ಕೆಡಿಸಿಕೊಂಡಿಲ್ಲ ತಾನೇ? ಅವಳಿಗಳು ರಾತ್ರಿ ಸರದಿಯ ಮೇಲೆ ಅಳುತ್ತವೆ, ಒಂದು ಮಲಗಿದ ಮೇಲೆಯೇ ಇನ್ನೊಂದು ಶುರು ಎಂದು ಅತ್ತಿಗೆ ಬರೆದಿದ್ದಳು. ಎಷ್ಟಾದರೂ ನಮ್ಮ ಮನೆಯ ರಕ್ತವಲ್ಲವೇ, ಪಾಳಿ ಹಾಕಿಕೊಂಡೇ ಹುಟ್ಟಿವೆ. ಅಮ್ಮ ಚೆನ್ನಾಗಿದ್ದಾಳೆ. ನೀನಿಲ್ಲದೆ ಮನೆ ಎಷ್ಟು ನಿಶ್ಶಬ್ದವಾಗಿದೆ ಎಂದು ದಿನಕ್ಕೊಮ್ಮೆ ಹೊಗಳುತ್ತಾಳೆ, ಆಮೇಲೆ ಎದ್ದು ಹೋಗಿ ರೇಡಿಯೋ ಹಾಕುತ್ತಾಳೆ. ಮಕ್ಕಳನ್ನು ನೋಡಿಕೊಳ್ಳಲು ನಿನ್ನ ಜೊತೆ ಅವಳೂ ಹೊರಡಬಹುದಿತ್ತು. ಆದರೆ ಆಸ್ಪತ್ರೆಯಲ್ಲಿ ನರ್ಸಾಗಿ ಆಯುಷ್ಯವೆಲ್ಲ ರಾತ್ರಿ ಪಾಳಿ ಮಾಡಿದ್ದು ಸಾಕು, ಇನ್ನು ಹಗಲು ಹೊತ್ತಿನಲ್ಲಿ ಮಾತ್ರ ನಾನು ಅಜ್ಜಿ ಎಂದು ಅವಳು ಹಟ ಹಿಡಿದದ್ದು ನಿನಗೇ ಗೊತ್ತು. ನೀನು ಹೋಗಿ ಮೂರು ತಿಂಗಳಾಯಿತು. ಈಗಲೂ ಹಾಸಿಗೆಯ ಒಂದು ಅಂಚಿಗೇ ಮಲಗುತ್ತಾಳೆ. ಯಾಕೆ ಎಂದರೆ ಅಭ್ಯಾಸಬಲ ಎನ್ನುತ್ತಾಳೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳುವ ಹಾಗಿಲ್ಲ. ಫೋನಿನಲ್ಲಿ ನಿನಗೆ ಬರುವುದು ಮೂರೇ ಮಾತು: ಹಾಂ, ಹೂಂ, ಅಮ್ಮನಿಗೆ ಕೊಡು. ನನಗೆ ಇವತ್ತು ಬೇಕಿರುವುದು ಒಂದು ಉದ್ದದ ಉತ್ತರ. ಅದಕ್ಕೇ ಕಾಗದ.

ನಾನು ಚಿತ್ರಕಥೆ ಬರೆಯುತ್ತಿರುವುದು ಯಾವ ಕಾದಂಬರಿಗೆ ಎಂದು ಹೇಳಿದ್ದೆನಲ್ಲ. ಅದೇ, ಚಂದ್ರನ ಮೇಲೆ ದೀಪದ ಮನೆ ಕಾಯುವ ಒಂಟಿ ಮನುಷ್ಯನ ಕಥೆ. ಅಮ್ಮ ಸಂಜೆ ಡ್ಯೂಟಿಗೆ ಹೋದ ಮೇಲೆ ನೀನು ನನ್ನನ್ನೂ ಅಣ್ಣನನ್ನೂ ಎರಡು ಮಗ್ಗುಲಲ್ಲಿ ಕೂರಿಸಿಕೊಂಡು ಓದುತ್ತಿದ್ದ ಪುಸ್ತಕ. ನಮ್ಮ ತಂಡಕ್ಕೆ ಆ ಕಾದಂಬರಿಯನ್ನು ತೆರೆಯ ಮೇಲೆ ತರುವುದೆಂದರೆ ದಿನಕ್ಕೊಂದು ಒಗಟು. ಬರೆದಾಕೆ ಕಂಡ ಭವಿಷ್ಯ ನಮಗೀಗ ಹಳೆಯ ಕಾಲ. ಅವರ ದೀಪದವನು ಚಂದ್ರನ ಮೇಲೆ ಕೂತು ಬರುವ ಹೋಗುವ ಹಡಗುಗಳ ಲೆಕ್ಕವನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಯುತ್ತಾನೆ. ಅವನ ಕೈಗೊಂದು ಮುಟ್ಟುವ ಪರದೆ ಕೊಡೋಣ ಎಂದು ನಿರ್ಮಾಪಕರು, ಸೀಮೆಸುಣ್ಣವೇ ಇರಲಿ ಎಂದು ನಾನು. ಕೊನೆಗೆ ಸೀಮೆಸುಣ್ಣ ಗೆದ್ದಿತು, ಪರದೆಗಿಂತ ಅದು ಅಗ್ಗ ಎಂಬ ಕಾರಣಕ್ಕೆ. ಇನ್ನು ದೀಪದ ಕಥೆ ಕೇಳು. ಚಂದ್ರನಲ್ಲಿ ಗಾಳಿಯಿಲ್ಲ, ದೂಳು ತೇಲುವುದಿಲ್ಲ, ಹಾಗಾಗಿ ಬೆಳಕಿನ ಕೋಲು ಕಣ್ಣಿಗೆ ಬೀಳುವುದಿಲ್ಲವಂತೆ. ಬರೆದಾಕೆಗೆ ಇದು ಗೊತ್ತಿತ್ತು: ಈ ದೀಪ ಯಾರ ಮೇಲೆ ಬೀಳುತ್ತದೋ ಅವರಿಗಷ್ಟೇ ಅದು ಇರುವುದು ಗೊತ್ತು ಎಂದು ಬರೆದಿದ್ದಾರೆ. ಓದಲು ಎಷ್ಟು ಚೆನ್ನಾಗಿದೆ. ನಮ್ಮ ಕ್ಯಾಮೆರಾದವರು ಮಾತ್ರ ತಲೆ ಮೇಲೆ ಕೈ ಹೊತ್ತು ಕೂತರು. ಕಾಣದ ದೀಪವನ್ನು ಹಿಡಿಯುವುದು ಹೇಗೆ ಎಂದು ಒಂದು ವಾರ ನಾವೆಲ್ಲ ಅದನ್ನೇ ಯೋಚಿಸಿದೆವು. ಈಗ ದೀಪವನ್ನು ತೋರಿಸುತ್ತಲೇ ಇಲ್ಲ, ಅದು ಬಿದ್ದ ಮುಖಗಳನ್ನು ತೋರಿಸುತ್ತಿದ್ದೇವೆ. ನನಗೆ ಈ ಕೆಲಸದಲ್ಲಿ ಇದೇ ಇಷ್ಟ, ಅಪ್ಪಾ. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋದದ್ದಕ್ಕೆ ಇಲ್ಲಿ ಯಾರೋ ಒಬ್ಬರು ಮರ ಕೊಯ್ಯಬೇಕು, ಯಾರೋ ಚಂದ್ರನ ನೆಲಕ್ಕೆಂದು ಬೂದಿ ಜರಡಿ ಹಿಡಿಯಬೇಕು.

ಈಗ ಬಾಗಿಲಿನ ವಿಷಯಕ್ಕೆ ಬರುತ್ತೇನೆ. ದೀಪದ ಮನೆಯ ಬುಡದಲ್ಲಿ ಒಂದು ಸಣ್ಣ ಬಾಗಿಲಿದೆಯಲ್ಲ, ನೆನಪಿದೆಯಾ? ದೀಪದವನು ದಣಿದು ದಣಿದು, ಇನ್ನು ಒಂದು ಗಳಿಗೆಯೂ ಎಚ್ಚರವಿರಲಾರೆ ಎನ್ನುವಾಗ ಆ ಬಾಗಿಲು ತೆರೆಯುತ್ತಾನೆ. ಒಳಗೆ ಕಿರಿದಾದ ಹಾಸಿಗೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಕತ್ತಿನವರೆಗೆ ಹೊದ್ದು ಮಲಗಿದ್ದಾಳೆ. ಅವನು ಮೆಲ್ಲಗೆ ಭುಜ ಮುಟ್ಟುತ್ತಾನೆ. ಅವಳು ಕಣ್ಣು ತೆರೆಯದೆಯೇ ಕೇಳುತ್ತಾಳೆ, "ನನ್ನ ಪಾಳಿ ಬಂತಾ?" ಆಮೇಲೆ ಎದ್ದು ದೀಪದ ಕಡೆ ಹೋಗುತ್ತಾಳೆ, ಅವಳು ಬಿಟ್ಟುಹೋದ ಬಿಸಿಯಲ್ಲಿ ಅವನು ಮಲಗುತ್ತಾನೆ. ಇಷ್ಟು ದಿನ ಅವನು ಒಂಟಿಯಾಗಿರಲೇ ಇಲ್ಲ. ನಾನು ಈ ಚಿತ್ರಕ್ಕೆ ಕೈ ಹಾಕಿದ್ದೇ ಈ ದೃಶ್ಯಕ್ಕಾಗಿ. ನಿರ್ಮಾಪಕರು ಒಪ್ಪಿದ್ದೂ ಇದನ್ನು ಕೇಳಿಯೇ. ಅಂಗಡಿಯಲ್ಲಿ ಕೊಂಡ ಹೊಸ ಮುದ್ರಣದಲ್ಲಿ ಈ ಭಾಗ ಇರಲಿಲ್ಲ. ಇದು ಶಾಲೆಯ ಮಕ್ಕಳಿಗೆಂದು ಮೊಟಕು ಮಾಡಿದ್ದಿರಬೇಕು, ಎಂದೋ ಕಳೆದುಹೋದ ನಮ್ಮ ಮನೆಯ ಪ್ರತಿಯೇ ಪೂರ್ತಿ ಪುಸ್ತಕ ಎಂದುಕೊಂಡು ನೆನಪಿನಿಂದಲೇ ಬರೆದೆ. ಒಂದು ಸಲವೂ ಅನುಮಾನ ಬರಲಿಲ್ಲ. ನಿನ್ನ ಬಾಯಿಂದ ಕೇಳಿದ್ದು ಪುಸ್ತಕದಲ್ಲಿ ಇಲ್ಲದೆ ಎಲ್ಲಿ ಹೋಗುತ್ತದೆ?

ಹೋದ ಸೋಮವಾರ ನಮ್ಮ ಬಡಗಿ ಬಂದು ಕೇಳಿದ, "ಮೇಡಂ, ಈ ಬಾಗ್ಲು ಒಳಕ್ಕೆ ತೆರೆಯುತ್ತಾ, ಹೊರಕ್ಕಾ?" ಸಿನಿಮಾದ ಸೆಟ್ಟಿನಲ್ಲಿ ಮುಕ್ಕಾಲು ಪಾಲು ಬಾಗಿಲುಗಳು ಬರೀ ತೋರಿಕೆಗೆ, ಹಲಗೆಗೆ ಬಣ್ಣ ಬಳಿದು ಹಿಡಿ ಅಂಟಿಸಿರುತ್ತಾರೆ ಅಷ್ಟೆ. ನಿಜವಾಗಿ ತೆರೆಯುವ ಬಾಗಿಲಿಗೆ ಕೀಲು ಬೇಕು, ಹಿಂದೆ ಜಾಗ ಬೇಕು, ಒಳಕ್ಕೆ ತೆರೆದರೆ ಹಾಸಿಗೆ ಆ ಕಡೆ ಸರಿಯಬೇಕು. ಪುಸ್ತಕ ನೋಡಿ ಹೇಳುತ್ತೇನೆ ಎಂದು ದೊಡ್ಡ ಗ್ರಂಥಾಲಯಕ್ಕೆ ಹೋಗಿ ಮೊದಲ ಮುದ್ರಣವನ್ನೇ ತೆಗೆಸಿದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ಹೊಸ ಪ್ರತಿಗೂ ಅದಕ್ಕೂ ಒಂದಕ್ಷರದ ವ್ಯತ್ಯಾಸವಿಲ್ಲ. ಬಾಗಿಲು ಇದೆ. "ಅದಕ್ಕೆ ಬೀಗವಿರಲಿಲ್ಲ, ತೆರೆಯಲು ಯಾರಿಗೂ ಪುರಸೊತ್ತಿರಲಿಲ್ಲ" ಎಂಬ ಸಾಲಿದೆ. ಹಾಸಿಗೆ ಇಲ್ಲ, ಹೆಂಗಸಿಲ್ಲ, ಪಾಳಿ ಇಲ್ಲ. ದೀಪದವನು ಕೊನೆಯ ಪುಟದವರೆಗೂ ಒಬ್ಬನೇ. ಕೆಟ್ಟೆ ಎಂದುಕೊಂಡೆ.

ಯಾಕೆಂದರೆ ಪುಸ್ತಕದ ಹಕ್ಕು ಇರುವುದು ಬರೆದಾಕೆಯ ಮೊಮ್ಮಗಳ ಹತ್ತಿರ. ಅವರು ಹಲ್ಲಿನ ಡಾಕ್ಟರು. ಹಿಂದೊಮ್ಮೆ ಯಾರೋ ಇದೇ ಕಥೆಯನ್ನು ನಾಟಕ ಮಾಡಿ, ದೀಪದವನಿಗೆ ಒಬ್ಬ ಪ್ರೇಯಸಿಯನ್ನು ಗಂಟು ಹಾಕಿ, ಕೊನೆಗೆ ಇಬ್ಬರಿಂದಲೂ ಹಾಡಿಸಿ ಭೂಮಿಗೆ ಕಳಿಸಿಬಿಟ್ಟಿದ್ದರಂತೆ. ಅದಕ್ಕೇ ಈ ಸಲ ಒಂದೇ ಷರತ್ತು ಹಾಕಿದ್ದರು: ಏನು ಬೇಕಾದರೂ ಬಿಡಿ, ಪುಸ್ತಕದಲ್ಲಿ ಇಲ್ಲದ್ದನ್ನು ಮಾತ್ರ ಸೇರಿಸಬೇಡಿ. ನಾನು ಸೇರಿಸಿ ಕೂತಿದ್ದೇನೆ. ಅದೂ ಇಡೀ ಚಿತ್ರವೇ ಅದರ ಮೇಲೆ ನಿಂತಿರುವ ಹಾಗೆ.

ಮೊದಲು ಅಣ್ಣನಿಗೆ ಫೋನು ಮಾಡಿದೆ. ನಿನಗೆ ಹೇಳಬೇಡ ಎಂದಿದ್ದೆ, ಹೇಳಿರುತ್ತಾನೆ ಬಿಡು, ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಆ ಬಾಗಿಲ ಹಿಂದೆ ಏನಿತ್ತು ನೆನಪಿದೆಯಾ ಎಂದು ಕೇಳಿದರೆ ಒಂದು ಕ್ಷಣವೂ ಯೋಚಿಸದೆ, ನಾಯಿಮರಿ ಎಂದ. ಬಿಳಿ ನಾಯಿಮರಿಯಂತೆ, ಚಂದ್ರನ ಮೇಲೆ ಭಾರ ಕಡಿಮೆಯಾದ್ದರಿಂದ ಬಾಲ ಅಲ್ಲಾಡಿಸಿದರೆ ಇಡೀ ನಾಯಿಯೇ ಮೇಲಕ್ಕೆ ಹೋಗುತ್ತಿತ್ತಂತೆ. ಆಗ ನನಗೆ ನೆನಪಾಯಿತು. ಆ ವರ್ಷ ಅವನು ನಾಯಿಮರಿ ಬೇಕೆಂದು ಅನ್ನ ನೀರು ಬಿಟ್ಟು ಕೂತಿದ್ದ. ಅಂದರೆ ನೀನು ಅವನಿಗೆ ಒಂದು ಓದಿದ್ದೀಯ, ನನಗೆ ಒಂದು. ಒಂದೇ ಪುಸ್ತಕ ಹಿಡಿದು ಎರಡು ಮಗ್ಗುಲಿಗೆ ಎರಡು ಕಥೆ ಹೇಳಿದ್ದು ಹೇಗೆ ಮಹಾರಾಯ? ಅವನು ಮೊದಲು ನಿದ್ದೆಹೋಗುತ್ತಿದ್ದನಲ್ಲ, ಆಮೇಲೆ ನನ್ನ ಕಡೆ ತಿರುಗುತ್ತಿದ್ದೆಯಾ? ನಾನಂತೂ ಮಲಗುತ್ತಲೇ ಇರಲಿಲ್ಲ, ಅಮ್ಮ ಯಾವಾಗ ಬರುತ್ತಾಳೆ ಎಂದು ಕೇಳಿ ಕೇಳಿ ನಿನ್ನ ತಲೆ ತಿನ್ನುತ್ತಿದ್ದೆ. ನನಗೆ ಗೂಬೆಮರಿ ಎಂಬ ಹೆಸರು ಬಂದದ್ದೇ ಹಾಗೆ.

ನಾಯಿಮರಿಯ ಗುಟ್ಟು ತಿಳಿಯಿತು. ನನ್ನ ಮುದುಕಿ ಎಲ್ಲಿಂದ ಬಂದಳು ಎಂಬುದು ತಿಳಿಯಲಿಲ್ಲ. ನಾನೇನೂ ಮುದುಕಿ ಬೇಕೆಂದು ಹಟ ಮಾಡಿರಲಿಲ್ಲ. ಎರಡು ದಿನ ಇದನ್ನೇ ತಲೆಯಲ್ಲಿ ತಿರುಗಿಸುತ್ತಿದ್ದೆ. ಗುರುವಾರ ಸಂಜೆ ಅಮ್ಮ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು, ನಾನು ಬರೆದ ಆ ದೃಶ್ಯದ ಪುಟವನ್ನು ಅವಳಿಗೆ ಓದಿ ಹೇಳಿದೆ. ಅವಳು ಈ ಪುಸ್ತಕ ಓದಿದವಳೂ ಅಲ್ಲ, ನೀನು ಓದುವುದನ್ನು ಕೇಳಿದವಳೂ ಅಲ್ಲ, ಆ ಹೊತ್ತಿಗೆಲ್ಲ ವಾರ್ಡಿನಲ್ಲಿರುತ್ತಿದ್ದಳು. "ನನ್ನ ಪಾಳಿ ಬಂತಾ" ಎಂದು ಓದಿದೆ. ಇಸ್ತ್ರಿ ಪೆಟ್ಟಿಗೆ ನಿಂತಿತು. ನನ್ನ ಹಸಿರು ಅಂಗಿಯ ತೋಳು ಸುಟ್ಟುಹೋಯಿತು, ಆ ಲೆಕ್ಕ ನಿನ್ನ ಖಾತೆಗೆ. ಅಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅದು ನಿಮ್ಮಪ್ಪ ದಿನಾ ಬೆಳಗ್ಗೆ ಕೇಳ್ತಿದ್ದ ಮಾತಲ್ವೇನೇ. ನಾನು ಡ್ಯೂಟಿ ಮುಗಿಸಿ ಬಂದು ಭುಜ ಮುಟ್ಟಿದ್ರೆ ಸಾಕು, ಕಣ್ಣು ಬಿಡ್ದೇನೇ ಕೇಳೋನು. ಎದ್ದು ಪಂಪ್‌ಹೌಸಿಗೆ ಓಡೋನು. ಆ ಜಾಗ ಬಿಸಿಯಾಗಿರ್ತಿತ್ತು, ಅಲ್ಲೇ ಮಲಗ್ತಿದ್ದೆ."

ನಮ್ಮ ಊರಿಗೆಲ್ಲ ನೀರು ಬಿಡುವವನು ನೀನು, ಊರಿನ ರೋಗಿಗಳನ್ನೆಲ್ಲ ಕಾಯುವವಳು ಅವಳು. ನೀವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ಆ ಒಂದು ಭುಜ ಮುಟ್ಟುವಷ್ಟು ಹೊತ್ತು ಮಾತ್ರ ಎಂದು ನನಗೆ ಈವರೆಗೆ ಹೊಳೆದೇ ಇರಲಿಲ್ಲ. ಆಮೇಲೆ ಅಮ್ಮ ಇನ್ನೊಂದು ಮಾತು ಹೇಳಿದಳು. "ತಿರುಗಿಸಿಬಿಟ್ಟಿದ್ದಾನೆ ನೋಡು. ಮಲಗಿರ್ತಿದ್ದೋನು ಅವನು, ನಿಂತಿರ್ತಿದ್ದೋಳು ನಾನು. ಕಥೇಲಾದ್ರೂ ನನ್ನ ಮಲಗಿಸಿದ್ದಾನೆ." ಹೇಳಿ, ಸುಟ್ಟ ಅಂಗಿಯನ್ನು ಮಡಚಿ ಮಡಚಿ ಇಡುತ್ತಿದ್ದಳು. ನನಗೆ ಅಳು ಬಂತು ಅಪ್ಪಾ, ಯಾಕೆ ಸುಳ್ಳು ಹೇಳಲಿ.

ಶುಕ್ರವಾರ ಡಾಕ್ಟರಮ್ಮ ಸೆಟ್ಟಿಗೆ ಬಂದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಆದರೂ ಎಲ್ಲವನ್ನೂ ಹೇಳಿಬಿಟ್ಟೆ. ಒದೆಯಲಿಲ್ಲ. ಬೂದಿ ಹರಡಿದ ಚಂದ್ರನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಹೋಗಿ, ಬಾಗಿಲಿನ ಮುಂದೆ ನಿಂತರು. ಅವರೂ ಚಿಕ್ಕವರಿದ್ದಾಗ ಇದರ ಹಿಂದೆ ಏನಿದೆ ಎಂದು ಅಜ್ಜಿಯನ್ನು ಕೇಳಿದ್ದರಂತೆ. "ಗೊತ್ತಿದ್ದಿದ್ರೆ ಬರೀತಿರ್ಲಿಲ್ವಾ" ಎಂದಿದ್ದರಂತೆ ಅಜ್ಜಿ. ಕೊನೆಗೆ ಡಾಕ್ಟರಮ್ಮ ಹೇಳಿದ್ದು ಇಷ್ಟು: ಬಾಗಿಲನ್ನು ನೀನು ತೆರೆದದ್ದಲ್ಲ, ನಿಮ್ಮಪ್ಪ ತೆರೆದದ್ದು, ಹಾಗಾಗಿ ಅವರನ್ನೇ ಕೇಳಿ ತಿಳಿದುಕೊಳ್ಳಬೇಕು, ಅಲ್ಲಿಯವರೆಗೆ ಒಪ್ಪಿಗೆ ಇಲ್ಲ. ಆ ದೃಶ್ಯದ ಚಿತ್ರೀಕರಣ ಇಪ್ಪತ್ತೆರಡನೇ ತಾರೀಕು. ಅಷ್ಟರಲ್ಲಿ ಒಪ್ಪಿಗೆ ಬರದಿದ್ದರೆ ಬಡಗಿ ಬಾಗಿಲಿಗೆ ಮೊಳೆ ಹೊಡೆಯುತ್ತಾನೆ, ನನ್ನ ದೀಪದವನು ಕೊನೆಯವರೆಗೂ ಒಂಟಿಯಾಗಿ ಉಳಿಯುತ್ತಾನೆ.

ಅದಕ್ಕೆ ನೀನು ಕೂತು, ಅವಳಿಗಳು ಬಿಟ್ಟ ಹೊತ್ತಿನಲ್ಲಿ, ಉದ್ದಕ್ಕೆ ಬರೆ. ಮುದುಕಿಯನ್ನು ಯಾವಾಗ ತಂದೆ, ಯಾಕೆ ತಂದೆ? ಅವಳು ದೀಪ ಕಾಯುತ್ತಿರುವಾಗ ದೀಪದವನಿಗೆ ನಿಜವಾಗಿ ನಿದ್ದೆ ಬರುತ್ತಿತ್ತಾ? ನಾವು ದೊಡ್ಡವರಾದ ಮೇಲೂ ಯಾಕೆ ಹೇಳಲಿಲ್ಲ? ನನಗೆ ಎಲ್ಲ ಬೇಕು.

ಅತ್ತಿಗೆಗೆ ನನ್ನ ನೆನಪು ಹೇಳು. ಅಣ್ಣನಿಗೆ ಅವನ ನಾಯಿಮರಿ ಸಿನಿಮಾದಲ್ಲಿ ಇಲ್ಲ, ಬೇಸರ ಬೇಡ ಎನ್ನು. ಅವಳಿಗಳ ಎರಡೆರಡು ಕೆನ್ನೆಗೂ ಒಂದೊಂದು ಮುತ್ತು, ಯಾವುದನ್ನೂ ಬಿಡಬೇಡ, ಮುಂದೆ ಜಗಳವಾಗುತ್ತದೆ. ಮಂಡಿಗೆ ಎಣ್ಣೆ ಹಚ್ಚಿಕೋ, ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ
ಗೂಬೆಮರಿ

ಮರುದಿನ, ಸೋಮವಾರ ಸಂಜೆ: ಅಂಚೆಗೆ ಹಾಕುವ ಮೊದಲು ಕವರು ಒಡೆದು ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಗದ ಬರೆಯಬೇಡ. ಡಾಕ್ಟರಮ್ಮ ಅಮ್ಮನನ್ನು ನೋಡಬೇಕೆಂದರು, ಇವತ್ತು ಸೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಲೈಟಿನವರಿಗೆ ಅಳತೆ ನೋಡಲು ಯಾರಾದರೂ ಆ ಹಾಸಿಗೆಯಲ್ಲಿ ಮಲಗಬೇಕಿತ್ತು, ಅಮ್ಮ ಮಲಗಿದಳು. ಅಂಚಿಗೇ. ಯಾರೋ ಭುಜ ಮುಟ್ಟಿದರು, ಅವಳು ಕಣ್ಣು ಮುಚ್ಚಿಕೊಂಡೇ ಆ ಮಾತು ಹೇಳಿದಳು. ನಮ್ಮ ನಿರ್ದೇಶಕರನ್ನು ನಾವು "ಇನ್ನೊಂದ್ಸಲ" ಸಾಹೇಬರು ಎಂದೇ ಕರೆಯುವುದು, ಬೇರೆ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಇವತ್ತು ಆ ಮಾತೇ ಬರಲಿಲ್ಲ. ಆ ಪಾತ್ರ ಅಮ್ಮನೇ ಮಾಡಬೇಕು ಎಂದರು. ಒಪ್ಪಿದ್ದಾಳೆ, ಆದರೆ ನೀನು ಬಂದು ಎಬ್ಬಿಸಿದರೆ ಮಾತ್ರ ಏಳುತ್ತಾಳಂತೆ, ಕಂಡವರ ಕೈಗೆಲ್ಲ ಏಳುವುದಿಲ್ಲವಂತೆ. ಹಾಗಾದರೆ ನನ್ನದೂ ಒಪ್ಪಿಗೆ ಎಂದರು ಅಲ್ಲೇ ಇದ್ದ ಡಾಕ್ಟರಮ್ಮ. ತೆರೆಯ ಮೇಲೆ ನಿನ್ನ ಕೈ ಅಷ್ಟೇ ಕಾಣುತ್ತದೆ, ಉಗುರು ಕತ್ತರಿಸಿಕೊಂಡು ಬಾ. ಅವಳಿಗಳ ರಾತ್ರಿ ಪಾಳಿ ಒಂದು ವಾರ ಅಣ್ಣ ಮಾಡಲಿ. ಬಡಗಿ ಇನ್ನೂ ಕೇಳುತ್ತಲೇ ಇದ್ದಾನೆ, ಬಾಗಿಲು ಒಳಕ್ಕೋ ಹೊರಕ್ಕೋ ಎಂದು. ನಮಗೆ ಯಾರಿಗೂ ಗೊತ್ತಿಲ್ಲ. ನೀನೇ ಬಂದು ತೆರೆ.