ಮೋಟಾರಿನ ಜಮಖಾನ

೯ ಅಕ್ಟೋಬರ್ ೧೯೫೬, ಮಂಗಳವಾರ

ಬೆಳಿಗ್ಗೆಯಿಂದ ಎಂಟೂ ಮಗ್ಗ ನಡೆದವು. ಮಧ್ಯಾಹ್ನ ದೇಸಾಯರ ಡ್ರೈವರ್ ಬುಡ್ಡೇಸಾಬ ಬಂದು ಅವರ ಮನೆಗೆ ಕರೆದೊಯ್ದ. ಅವರ ಹಳೆಯ ಆಸ್ಟಿನ್ ಮೋಟಾರಿನ ಮುಂದಿನ ಕಾರ್ಪೆಟ್ಟನ್ನು ಇಲಿಗಳು ತಿಂದಿವೆ. ಮುಂಬಯಿಯಿಂದ ತರಿಸಲು ವೇಳೆಯಿಲ್ಲ. ನವೆಂಬರ್ ಒಂದಕ್ಕೆ ನಾಡು ಒಂದಾಗುತ್ತದೆ. ಬೆಟಗೇರಿಯ ಮೆರವಣಿಗೆಯಲ್ಲಿ ಆ ಗಾಡಿಯೇ ಮುಂದೆ.

“ನಿಮ್ಮ ಹುಡುಗ್ರು ಒಂದು ಜಮಖಾನ ನೇದು ಕೊಡ್ತಾವೇನ್ರಿ ಮಾಸ್ತರ?” ದೇಸಾಯರು ಕೇಳಿದರು.

ಒಪ್ಪಿದೆ. ನಮ್ಮ ನೇಯ್ಗೆ ತರಗತಿ ನಡೆಯುವುದು ಅವರದೇ ಚಕ್ಕಡಿ ನಿಲ್ಲಿಸುವ ಷೆಡ್ಡಿನಲ್ಲಿ. ಇಲ್ಲವೆನ್ನುವ ಸ್ಥಿತಿ ನನ್ನದಲ್ಲ. ಆದರೆ ಒಂದು ಆಸೆಯೂ ಇತ್ತು — ಅಮೃತವ್ವ. ಹತ್ತೊಂಬತ್ತು ವರ್ಷ, ಎಂಟು ಮಕ್ಕಳಲ್ಲಿ ಹಿರಿಯಳು, ಕೈ ನನಗಿಂತ ನೇರ. ಅವಳ ಕೆಲಸ ದೇಸಾಯರ ಕಣ್ಣಿಗೆ ಬಿದ್ದರೆ ತರಗತಿಗೆ ಸಹಾಯಕಿಯಾಗಿ ನೇಮಿಸಿಯಾರು.

೧೨ ಅಕ್ಟೋಬರ್

ಅಳತೆಗೆಂದು ಮೋಟಾರಿನೊಳಗೆ ಬಗ್ಗಿ ಮಲಗಿದೆ. ಬಾಗಿಲು ಮುಚ್ಚಿಕೊಂಡಿತು, ಒಳಗಿನ ಹಿಡಿ ಮುರಿದಿದೆ. ಮೊಣಕಾಲು ಗದ್ದಕ್ಕೆ, ಉಸಿರು ಗಾಜಿಗೆ. ಹೊರಗಿನಿಂದ ಬುಡ್ಡೇಸಾಬ — “ಮಾಸ್ತರ, ಅಲ್ಲೇ ಮನಿ ಮಾಡಿದ್ರೇನ್ರಿ? ಬಾಡಗಿ ಕೊಡಬೇಕಾಕ್ಕೈತಿ ನೋಡ್ರಿ!” ನಗಲಾಗಲಿಲ್ಲ. ಅವನು ಹೊರಗಿನಿಂದ ತೆಗೆದ ಮೇಲೆಯೇ ಬಿಡುಗಡೆ.

ಹಳೆಯ ಕಾರ್ಪೆಟ್ಟಿನ ಮೇಲ್ಮೈ ಸವೆದು ಪೆಡಲಿನ ಸೀಳುಗಳ ಗೆರೆ ಕಾಣುತ್ತಿರಲಿಲ್ಲ. ಮಗುಚಿ ಹಾಕಿ, ವೃತ್ತಪತ್ರಿಕೆಯ ಮೇಲೆ ಆಕಾರ ಬರೆದುಕೊಂಡೆ. ಪೆಡಲುಗಳು ತೂರಲು ಜಮಖಾನವನ್ನು ಕತ್ತರಿಸಬೇಕೆಂದೆ. ಅಮೃತವ್ವ ಒಪ್ಪಲಿಲ್ಲ. “ಕತ್ರಿ ಹಾಕಿದ್ರ ಎಳಿ ಬಿಚ್ಚತಾವರಿ. ನೇಯೂವಾಗನ ಸೀಳು ಬಿಡತೇನಿ.”

೨೬ ಅಕ್ಟೋಬರ್, ಶುಕ್ರವಾರ

ಮುಗಿಯಿತು. ಮಾಗಿದ ದಾಳಿಂಬೆಯ ಕೆಂಪು, ಅಂಚಿಗೆ ಹಳದಿ. ದೇಸಾಯರು ಅಂಗೈಯಿಂದ ಸವರಿದರು. “ಯಾರ ಕೆಲಸ್ರಿ?”

“ಅಳತೆಯಿಂದ ಅಂಚಿನ ತನಕ ಎಲ್ಲಾ ಅಮೃತವ್ವನದರಿ.”

ಅಳತೆ ನನ್ನದು. ಅವಳಿಗೆ ಒಂದಿಷ್ಟು ಹೆಚ್ಚು ಹೆಸರು ಬರಲೆಂದು... ಅವಳು ನನ್ನತ್ತ ನೋಡಿದಳು.

“ಹಂಗಾದ್ರ ಒಂದನೇ ತಾರೀಖಿನಿಂದ ಈಕೀನೇ ಸಹಾಯಕಿ. ಕೆಳಗೊಂದು ಗೋಣಿತಟ್ಟು ಹೊಲಿಸ್ರಿ, ಗಟ್ಟಿ ಇರತೈತಿ.”

ರಾತ್ರಿ ಸುಖನಿದ್ರೆ.

೩೦ ಅಕ್ಟೋಬರ್, ಮಂಗಳವಾರ

ಹಾಸಿದೆವು. ಪೆಡಲು ಬಲಕ್ಕೆ, ಸೀಳು ಎಡಕ್ಕೆ.

ಕೂಡಲೇ ತಿಳಿಯಿತು. ಹಳೆಯದನ್ನು ಮಗುಚಿ ಹಾಕಿ ಆಕಾರ ಬರೆದವನು ನಾನು.

ದೇಸಾಯರು ಅವಳತ್ತ ತಿರುಗಿದರು. “ಎಡಾ ಬಲಾ ತಿಳೀದಾಕಿ ಹುಡುಗ್ರಿಗೆ ಏನ ಕಲಸ್ತಾಳ್ರಿ? ನಾಳಿಂದ ಬರೂದು ಬ್ಯಾಡ.”

ಒಂದು ವಾಕ್ಯ ಸಾಕಿತ್ತು. ಆದರೆ ಅದನ್ನಾಡಿದರೆ ಶುಕ್ರವಾರದ ಮಾತು ಸುಳ್ಳಾಗುತ್ತದೆ. ಸುಳ್ಳಾಡಿದ ಗುಮಾಸ್ತನನ್ನು ಹೋದ ವರ್ಷ ನಿಂತ ಕಾಲಿನಲ್ಲೇ ಅಟ್ಟಿದವರು ಅವರು. ಷೆಡ್ಡು ಹೋದರೆ ಎಂಟು ಮಗ್ಗ ಬೀದಿಗೆ. ಬಾಯಿ ತೆರೆಯಲಿಲ್ಲ. ಉಳಿದ ಏಳು ಮಕ್ಕಳೂ ಅಲ್ಲೇ ನಿಂತಿದ್ದರು.

ಅಮೃತವ್ವ ತನ್ನ ಲಾಳಿಯನ್ನು ಪೆಟ್ಟಿಗೆಯಲ್ಲಿಟ್ಟು, ಮುಚ್ಚಿ, ಹೋದಳು.

೩೧ ಅಕ್ಟೋಬರ್

ಬೆಳಿಗ್ಗೆ ಬಂದಳು. ಷೆಡ್ಡಿಗಲ್ಲ, ನೇರ ಮೋಟಾರಿಗೆ. ಬುಡ್ಡೇಸಾಬ ಕೇಳದೆಯೇ ಬಾಗಿಲು ತೆಗೆದ. ಗೋಣಿತಟ್ಟಿನ ಹೊಲಿಗೆ ಬಿಚ್ಚಿದಳು. ಜಮಖಾನವನ್ನು ಕೊಡವಿ, ತಿರುವಿ ಹಾಸಿದಳು. ಪೆಡಲುಗಳು ಸೀಳುಗಳಲ್ಲಿ ಕುಳಿತವು. ಮೇಲೂ ಅದೇ ಕೆಂಪು, ಅದೇ ಅಂಚು.

“ಜಮಖಾನಕ್ಕ ಉಲ್ಟಾ ಅನ್ನೂದ ಇಲ್ಲಂತ ಮೊದಲನೇ ದಿನ ನೀವ ಕಲಿಸಿದ್ರಿ. ಮರತ್ರೇನ್ರಿ ಮಾಸ್ತರ?”

“ಅಮೃತವ್ವ, ನಾನು ದೇಸಾಯರಿಗೆ...”

“ನೇದದ್ದು ಹಾಳಾಗಬಾರದಂತ ಬಂದೆ ಅಷ್ಟರಿ.” ಹೊರಟಳು.

ಗಳಿಗೆಯಲ್ಲೇ ದೇಸಾಯರು ಬಂದು, ನೋಡಿ, ನನ್ನ ಬೆನ್ನು ತಟ್ಟಿದರು. “ಮಾಸ್ತರ ಅಂದ್ರ ಮಾಸ್ತರ! ಕೆಟ್ಟದ್ದನ್ನ ಸರಿ ಮಾಡಿದ್ರಿ. ನಾಳೆ ನೀವು ಮೋಟಾರಿನ್ಯಾಗ ನನ್ನ ಬಾಜೂಕ ಕುಂಡ್ರಬೇಕು.”

ಆಗಲಿ ಎಂದು ತಲೆಯಾಡಿಸಿದೆ. ಬುಡ್ಡೇಸಾಬ ನನ್ನನ್ನೊಮ್ಮೆ ನೋಡಿ, ಧೂಳಿಲ್ಲದ ಗಾಜನ್ನು ಒರೆಸತೊಡಗಿದ.

೧ ನವೆಂಬರ್, ಬೆಳಿಗ್ಗೆ ೭

ಡೊಳ್ಳು ಕೇಳುತ್ತಿದೆ. ಮಡಿ ಧೋತರ ಉಟ್ಟಿದ್ದೇನೆ. ಮೆರವಣಿಗೆ ಮುಗಿದ ಮೇಲೆ ಹೇಳೋಣವೆಂದು ನಿನ್ನೆ ನಿಶ್ಚಯಿಸಿದ್ದೆ. ಮುಗಿದ ಮೇಲೆ ಊಟವಿರುತ್ತದೆ, ಊಟದ ಮೇಲೆ ಭಾಷಣ... ಮೋಟಾರಿನ ಆ ಬಾಗಿಲಿಗೆ ಒಳಗಿನಿಂದ ಹಿಡಿಯಿಲ್ಲ. ಹತ್ತಿದರೆ ತೀರಿತು.

ಷೆಡ್ಡು ಉಳಿಯಲೆಂದು ಸುಮ್ಮನಿದ್ದೆ — ಮಕ್ಕಳು ಕಲಿಯಲೆಂದು. ಮಂಗಳವಾರ ಏಳು ಜನ ನನ್ನಿಂದ ಕಲಿತದ್ದೇನು?

ಹಾರ್ನ್. ಕಿಟಕಿಯಲ್ಲಿ ಕಾಣುತ್ತಿದೆ — ಮಕ್ಕಳು ಮೋಟಾರಿನ ಪಕ್ಕದಲ್ಲಿ ಸಾಲಾಗಿ ನಿಂತಿದ್ದಾರೆ, ನಡುವೆ ಒಬ್ಬರ ಜಾಗ ಬಿಟ್ಟು. ಯಾರು ಹೇಳಿದರು ಹಾಗೆ ನಿಲ್ಲಲು?

“ದೇಸಾಯರ, ಅಳತಿ ತಗದಾಂವ ನಾ.” ಐದು ಸಲ ಅಂದುಕೊಂಡೆ. ನೆಲದ ಮೇಲೆ ನಿಂತೇ ಹೇಳಬೇಕು, ಅವರೆದುರಿಗೇ. ಬುಡ್ಡೇಸಾಬ ಬಾಗಿಲು ತೆಗೆದು ಹಿಡಿದಿದ್ದಾನೆ. “ಬರ್ರಿ ಮಾಸ್ತರ, ಜಲ್ದಿ!”

ಹೊರಟೆ. ಚಪ್ಪಲಿ ಆಮೇಲೆ; ಮೊದಲು ಆ ಮಾತು.