ನಿಮ್ಮ ಕೈಗೆ ಒಪ್ಪುವ ಗ್ಲಾಸು

ನೀರಿನ ಮೇಲೆ ಸಂಸಾರ ಹೂಡಿರುವ ನನ್ನ ಯಜಮಾನರಿಗೆ,

ಹಡಗಿನ ಇಂಜಿನ್ ಕೋಣೆಯಲ್ಲಿ ನೀವು, ಇಲ್ಲಿ ನಾನು, ಇಬ್ಬರೂ ಕ್ಷೇಮವೆಂದೇ ಇಟ್ಟುಕೊಳ್ಳೋಣ. ಕಂಪನಿಯವರು ಇನ್ನೊಂದು ವರ್ಷಕ್ಕೆ ಸಹಿ ಕೇಳುತ್ತಿದ್ದಾರೆ, ಹಾಕಲೋ ಬೇಡವೋ ಎಂದು ಮೊನ್ನೆ ಫೋನಿನಲ್ಲಿ ಕೇಳಿದಿರಿ. ಫೋನಿನ ಪರದೆಯಲ್ಲಿ ನಿಮ್ಮ ಮುಖ ಕಂಡರೆ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೇ ಈ ಪತ್ರ. ಆದರೆ ಮೊದಲು ಗ್ಲಾಸಿನ ವಿಷಯ.

ಕಳೆದ ರಜೆಯಲ್ಲಿ ಊಟದ ಕೋಣೆಯ ಮೂಲೆಗೆ ನೀವೇ ಬಾರ್ ಕಪಾಟು ಮಾಡಿದಿರಲ್ಲ, ಅದರದ್ದೊಂದು ಕೆಟ್ಟ ಸುದ್ದಿಯಿದೆ. ಮನೆಯಲ್ಲಿ ಗಾಜಿನ ಗ್ಲಾಸಿಲ್ಲವೆಂದು ಕಾಫಿ ಲೋಟ ಇಟ್ಟು ಖಾನೆಗಳ ಎತ್ತರದ ಅಳತೆ ತೆಗೆದಿರಿ. "ಲೋಟ ಹಿಡಿದ್ರೆ ಎಲ್ಲಾ ಹಿಡಿಯುತ್ತೆ ಕಣೇ, ನಂಗೆ ಹೇಳಿಕೊಡ್ಬೇಡ" ಅಂದಿರಿ. ತಂಗಿಯ ಮನೆಯಿಂದ ಒಂದು ಉದ್ದ ಗ್ಲಾಸು ತಂದು ಇಟ್ಟು ನೋಡಿದೆ. ಏನು ಮಾಡಿದರೂ ಒಳಗೆ ಹೋಗಲೊಲ್ಲದು. ಅಷ್ಟು ದೊಡ್ಡ ಹಡಗಿನ ಇಂಜಿನಿಯರ್ ಸಾಹೇಬರ ಕೈಚಳಕ ನೋಡಿ ಒಬ್ಬಳೇ ನಿಂತು ನಕ್ಕೆ. ನಕ್ಕಿದ್ದು ಮುಗಿದ ಮೇಲೆ ಮನೆ ತೀರಾ ಬಿಕೋ ಅನ್ನಿಸಿತು.

"ನಾನು ಬರೋಷ್ಟರಲ್ಲಿ ಒಳ್ಳೆ ಗ್ಲಾಸು ಆರಿಸಿಟ್ಟಿರು, ಸಂಜೆ ಹೊತ್ತು ಇಬ್ಬರೂ ಎದುರುಬದುರು ಕೂರೋಣ" ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದಿರಿ. ಅದಕ್ಕೇ ನಿನ್ನೆ ಗಾಜಿನ ಅಂಗಡಿಗೆ ಹೋದೆ. ಅಂಗಡಿಯಾಕೆ ನನಗಿಂತ ಹಿರಿಯಳು, ಮಾತು ಜಾಸ್ತಿ, ಕೈ ಮಾತ್ರ ಹೂವು ಎತ್ತಿದಷ್ಟು ಹಗುರ. ಕಾಲಿರುವ ಗ್ಲಾಸು ಎತ್ತಿ, "ಇದು ವೈನಿಗೆ. ಕಾಲು ಹಿಡ್ಕೋಬೇಕು, ಮೇಲೆ ಹಿಡಿದ್ರೆ ಕೈಬಿಸಿ ವೈನಿಗೆ ತಾಗುತ್ತೆ" ಅಂದಳು. ಸೋಡಾ ಬೆರೆಸಿ ಕುಡಿಯುವವರಿಗೆ ಉದ್ದದ್ದು, ಗುಳ್ಳೆ ಬೇಗ ಆರುವುದಿಲ್ಲವಂತೆ. ಐಸ್ ಹಾಕಿದ ವಿಸ್ಕಿಗೆ ದಪ್ಪ ತಳದ ಗಿಡ್ಡ ಗ್ಲಾಸು. ಅಂಚು ಮಾತ್ರ ತೆಳ್ಳಗಿರಬೇಕು, ತುಟಿಗೆ ಗಾಜು ತಾಗಿದ್ದೇ ಗೊತ್ತಾಗಬಾರದಂತೆ. ನಾನು ಎಲ್ಲದಕ್ಕೂ ಹೂಂಗುಟ್ಟುತ್ತಿದ್ದೆ.

"ಅಂದಕ್ಕೆ ಅಂತ ಎಲ್ಲಾ ತುಂಬಿಸ್ಕೋಬೇಡಿ. ಮನೇಲಿ ಯಾರು ಏನು ಕುಡೀತಾರೆ, ಅಷ್ಟೇ ತಗೊಳ್ಳಿ" ಅಂದಳು. ನನಗೆ ನಿಂಬೆ ಹಿಂಡಿದ ಸೋಡಾ, ನಮ್ಮ ಯಜಮಾನರಿಗೆ ಐಸ್ ಹಾಕಿದ ವಿಸ್ಕಿ ಅಂದೆ. ಅವಳು ಗಿಡ್ಡ ಗ್ಲಾಸುಗಳನ್ನು ಸಾಲಾಗಿ ಜೋಡಿಸಿ, "ಗಿಡ್ಡದ್ದು ಕೈತುಂಬಾ ಕೂರಬೇಕಮ್ಮಾ. ನಿಮ್ಮ ಯಜಮಾನರ ಕೈ ಎಷ್ಟು ದೊಡ್ಡದು?" ಎಂದು ಕೇಳಿದಳು.

ಒಂದೊಂದೇ ಗ್ಲಾಸು ಎತ್ತಿ, ನಿಮ್ಮ ಬೆರಳುಗಳು ಅದರ ಸುತ್ತ ಹೇಗೆ ಕೂರಬಹುದೆಂದು ನೆನೆಸಿಕೊಳ್ಳಲು ನೋಡಿದೆ. ಕಂಡದ್ದು ನನ್ನ ಬೆರಳೇ. ಬಿಸಿ ಪೈಪು ತಾಗಿ ನಿಮ್ಮ ಎರಡು ಬೆರಳು ಪೂರ್ತಿ ಮಡಚುವುದಿಲ್ಲವೆಂದು ಗೊತ್ತು, ಆದರೆ ಅದು ಎಡಗೈಯೋ ಬಲಗೈಯೋ? ಆ ಕೈಗೆ ಮುಲಾಮು ಹಚ್ಚಿದವಳು ನಾನು ಕಣ್ರೀ. ಫೋನಿನಲ್ಲಿ ದಿನಾ ನಿಮ್ಮ ಮುಖ ಕಾಣುತ್ತದೆ, ಕೈ ಮಾತ್ರ ಯಾವತ್ತೂ ಕಾಣುವುದಿಲ್ಲ. ಅಂಗಡಿಯ ನಡುವೆ ನಿಂತು ಕಣ್ಣಲ್ಲಿ ನೀರು ತಂದುಕೊಂಡೆ. ಆಕೆ ಪಾಪ, ಬೆಲೆ ಹೆಚ್ಚಾಯಿತೇನೋ ಎಂದುಕೊಂಡು ಇಳಿಸಲು ಹೊರಟಳು.

ಏನನ್ನೂ ಕೊಳ್ಳದೆ ಬಂದೆ.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ಸಹಿ ಹಾಕಬೇಡಿ. ಹಿಂದೆಲ್ಲ "ನಿಮ್ಮಿಷ್ಟ" ಅನ್ನುತ್ತಿದ್ದೆ, ಈ ಸಲ ಅನ್ನುವುದಿಲ್ಲ. ನಿಮ್ಮನ್ನು ನೆನೆದು ಅಳುವುದು ನನಗೆ ರೂಢಿಯಾಗಿದೆ, ಅದನ್ನು ಹೇಗೋ ತಡೆದುಕೊಂಡೇನು. ನೆನೆಯಲು ಹೊರಟಾಗ ನೀವು ಸಿಗದೇ ಹೋದರೆ ಏನು ಮಾಡಲಿ? ಇಳಿದು ಬನ್ನಿ. ಆ ಅಂಗಡಿಗೆ ಒಟ್ಟಿಗೆ ಹೋಗೋಣ. ನೀವು ಒಂದೊಂದೇ ಗ್ಲಾಸು ಹಿಡಿದು ನೋಡಿ, ಎಷ್ಟು ಹೊತ್ತಾದರೂ ಆಗಲಿ. ನಾನು ಪಕ್ಕದಲ್ಲಿ ನಿಂತು ನಿಮ್ಮ ಕೈ ನೋಡುತ್ತಿರುತ್ತೇನೆ.

ಸಮುದ್ರ ನಿಮ್ಮನ್ನು ಜೋಪಾನವಾಗಿ ದಡಕ್ಕೆ ಒಪ್ಪಿಸಲಿ.

ಕಾದದ್ದು ಸಾಕೆನಿಸಿರುವ,
ನಿಮ್ಮವಳು