ಕೇಳಿದರೆ ಹೇಳುವ ಗಡಿಯಾರ

ಗುರುವಾರ, ಹದಿನಾಲ್ಕನೇ ತಾರೀಕು
ಬೆಳಿಗ್ಗೆ ಹತ್ತೂವರೆ

ಇವಳೇ,

ಹೀಗೆ ಕರೆಯುವ ಹಕ್ಕನ್ನು ಹನ್ನೊಂದು ವರ್ಷದ ಹಿಂದೆಯೇ ಕಳೆದುಕೊಂಡೆ ಎಂದು ಗೊತ್ತು. ಬೇರೆ ಹೇಗೆ ಕರೆಯಲಿ ಎಂದು ಮೂರು ಹಾಳೆ ಹರಿದೆ, ಒಂದೂ ಸರಿಬರಲಿಲ್ಲ. ಸಿಟ್ಟು ಬಂದರೆ ಬರಲಿ. ಕಾಗದ ಮಾತ್ರ ಹರಿಯಬೇಡ, ಕೊನೆಯವರೆಗೂ ಓದು.

ಮೊದಲು ಕೆಲಸದ ಮಾತು. ನೀನು ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆಗೆ ಹೋಗುತ್ತಿದ್ದೀಯಂತೆ. ಹಳೇ ಸಾಮಾನನ್ನೆಲ್ಲ ಶನಿವಾರ ಗುಜರಿಯವನಿಗೆ ಕೊಡುತ್ತೀಯಂತೆ, ಅದರಲ್ಲಿ ನಿಮ್ಮ ಮುತ್ತಜ್ಜಿಯ ಗಡಿಯಾರವೂ ಇದೆಯಂತೆ. ಮಗಳು ಫೋನಿನಲ್ಲಿ ಹೇಳಿದಳು. ಯಾಕೆ ಅಂತ ಅವಳು ಕೇಳಿದ್ದಕ್ಕೆ ನೀನು, ನಿಮ್ಮಪ್ಪನೇ ಸೌದೆ ಬೆಲೆ ಕಟ್ಟಿದ್ ಮೇಲೆ ಅದನ್ನ ಹೊತ್ಕೊಂಡು ಅಷ್ಟು ಮೆಟ್ಟಿಲು ನಾನ್ಯಾಕೆ ಹತ್ತಲಿ ಅಂದೆಯಂತೆ. ದಮ್ಮಯ್ಯ, ಕೊಡಬೇಡ. ಸೋಫಾ ಕೊಡು, ಬೀರು ಕೊಡು, ನಿನ್ನ ಸಾಮಾನಿನ ಜೊತೆ ಬಂದುಬಿಟ್ಟ ನನ್ನ ಆ ಮುರುಕು ಕುರ್ಚಿಯನ್ನು ಎಲ್ಲಕ್ಕಿಂತ ಮೊದಲು ಕೊಡು. ಗಡಿಯಾರ ಮಾತ್ರ ಕೊಡಬೇಡ. ಯಾಕೆ ಎಂದು ಹೇಳುವುದಕ್ಕೇ ಈ ಕಾಗದ.

ನಾನು ಈಗಲೂ ವಾರಕ್ಕೆ ಮೂರು ದಿನ ಹರಾಜು ಮನೆಗೆ ಹೋಗುತ್ತೇನೆ. ಗೋಡೆ ಗಡಿಯಾರವೋ ಮೇಜಿನ ಗಡಿಯಾರವೋ, ಏನು ಬಂದರೂ ನೆಲಮಾಳಿಗೆಯಲ್ಲಿ ನನ್ನ ಮುಂದೆ ತಂದಿಡುತ್ತಾರೆ. ಎಷ್ಟು ಹಳೆಯದು, ಯಾರ ಕೈಯದು, ಪೆಟ್ಟಿಗೆಯೂ ಯಂತ್ರವೂ ಒಟ್ಟಿಗೆ ಹುಟ್ಟಿದವೋ ಅಥವಾ ಯಾವುದಕ್ಕೋ ಯಾವುದನ್ನೋ ಗಂಟು ಹಾಕಿದ್ದಾರೋ ಎಂದು ಬರೆದುಕೊಡುವುದು ನನ್ನ ಕೆಲಸ. ಕಣ್ಣಿನ ಮುಂದೆ ಭೂತಗನ್ನಡಿ, ಕೈಯಲ್ಲಿ ಟಾರ್ಚು, ಮೂಗಿನ ತುದಿಯಲ್ಲಿ ಸಿಟ್ಟು. ನೀನು ನೋಡಿದ್ದೀಯಲ್ಲ, ಅದೇ ಅವತಾರ, ಕೂದಲು ಮಾತ್ರ ಕಡಿಮೆ.

ಸೋಮವಾರ ನಮ್ಮ ಹಮಾಲಿ ಒಂದು ಮೇಜಿನ ಗಡಿಯಾರವನ್ನು ಅಪ್ಪಿಕೊಂಡು ಬಂದ. ಆರಡಿ ಆಳು, ಎಲ್ಲರೂ ಮರಿಯಾನೆ ಎಂದೇ ಕರೆಯುತ್ತಾರೆ. ಸುತ್ತಿದ್ದ ಕಂಬಳಿ ತೆಗೆಯುತ್ತಲೇ ನಾನು ಟಾರ್ಚು ಹಿಡಿದು ಬಗ್ಗಿದೆ. ಅದೇ ಕಪ್ಪು ಮರ, ಅದೇ ಕಮಾನು. ಅಂಕಿಗಳ ಪಕ್ಕದಲ್ಲಿ ಅವೇ ಮೊಳೆತಲೆಗಳು. ಹಿಂಬಾಗಿಲು ತೆಗೆದು ಹಿತ್ತಾಳೆ ತಗಡಿನ ಮೇಲೆ ಬೆಳಕು ಬಿಟ್ಟೆ. ಹದಿನೆಂಟು ಎಂದು ಗೀಚಿತ್ತು. ನಿನ್ನದರಲ್ಲಿ ಅದೇ ಕೈ ಗೀಚಿದ್ದು ಹದಿನೇಳು. ನಿನ್ನ ಹುಟ್ಟಿದ ದಿನ ವರ್ಷವರ್ಷ ಮರೆತ ಮನುಷ್ಯನಿಗೆ ಗಡಿಯಾರದ ನಂಬರು ಮರೆಯುವುದಿಲ್ಲ, ನೋಡು ಎಂಥ ಬಾಳು ನನ್ನದು.

ಬಾಗಿಲಿನ ಒಳಮೈಗೆ ಒಂದು ಚೀಟಿ ಅಂಟಿಸಿತ್ತು, ಅಕ್ಷರ ಅರ್ಧ ಅಳಿಸಿತ್ತು. ಕಣ್ಣು ಕಾಣದವರಿಗೆಂದು ಮಾಡಿದ್ದು, ಗಾಜು ತೆಗೆದು ಬೆರಳಿನಿಂದ ಮುಟ್ಟಿ ನೋಡಿರಿ, ಹಾಸಿಗೆಯಲ್ಲಿದ್ದರೆ ದಾರ ಎಳೆಯಿರಿ, ಎಂದು ಅದರ ಸಾರಾಂಶ. ಪೆಟ್ಟಿಗೆಯ ಪಕ್ಕದಿಂದ ಒಂದು ರೇಷ್ಮೆ ದಾರ ನಿಜಕ್ಕೂ ಇಳಿಬಿದ್ದಿತ್ತು. ಕೀಲಿ ಕೊಟ್ಟೆ, ಓಡಿತು. ಗಂಟೆ ಹನ್ನೊಂದೂ ಇಪ್ಪತ್ತು. ದಾರ ಎಳೆದೆ.

ದೊಡ್ಡ ಗಂಟೆ ಹನ್ನೊಂದು ಸಲ ಹೊಡೆಯಿತು. ಸ್ವಲ್ಪ ತಡೆದು ಪುಟ್ಟ ಗಂಟೆ ಒಂದು ಸಲ. ಹನ್ನೊಂದು ಮುಗಿದು ಒಂದು ಕಾಲುಗಂಟೆ ಕಳೆಯಿತು ಎಂದು ಲೆಕ್ಕ. ತಾನಾಗಿ ಹೊಡೆಯುವ ಹೊತ್ತಲ್ಲ, ಕೇಳಿದ್ದಕ್ಕೆ ಹೇಳಿತು. ಮರಿಯಾನೆ ಬಾಯಿ ತೆರೆದು ನಿಂತಿದ್ದ. ಅಯ್ಯಯ್ಯೋ ಸಾರ್, ಇದು ಕೇಳಿದ್ರೆ ಉತ್ತರ ಹೇಳ್ತಲ್ಲ ಸಾರ್, ಇನ್ನೊಂದ್ಸಲ ಕೇಳಿ ಸಾರ್ ಅಂದ. ನಿಮ್ಮಮ್ಮ ಹೇಳುತ್ತಿದ್ದ ಮಾತು ಅದೇ ತಾನೆ? ಹುಟ್ಟಿನಿಂದ ಕಣ್ಣು ಕಾಣದ ಮುತ್ತಜ್ಜಿ, ಹೊತ್ತೆಷ್ಟಾಯ್ತು ಅಂತ ಗಡಿಯಾರವನ್ನೇ ಕೇಳುತ್ತಿದ್ದಳು, ಅದು ಹೇಳುತ್ತಿತ್ತು ಅಂತ. ಅವರೂ ಅದನ್ನು ಕಣ್ಣಾರೆ ನೋಡಿದವರಲ್ಲ, ಅವರ ಕಾಲಕ್ಕೆ ದಾರ ಕಿತ್ತುಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ಹೇಳುತ್ತಿದ್ದರು, ನೀನೂ ಹೇಳುತ್ತಿದ್ದೆ.

ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಗಡಿಯಾರದ ಮುಖಕ್ಕೆ ಬೆರಳು ತಾಗಿಸಬಾರದು. ಬೆರಳಿನ ಬೆವರು ಬೆಳ್ಳಿಯ ಲೇಪ ತಿನ್ನುತ್ತದೆ. ನನ್ನ ಗುರುಗಳು ಇದಕ್ಕಾಗಿ ನನ್ನ ಕೈಗೆ ಅಡಿಕೋಲಿನಿಂದ ಬಾರಿಸಿದ್ದರು. ಮೂವತ್ತೈದು ವರ್ಷದಲ್ಲಿ ಸಾವಿರಾರು ಗಡಿಯಾರ ನೋಡಿದ್ದೇನೆ, ಒಂದರ ಮುಖವನ್ನೂ ಮುಟ್ಟಿಲ್ಲ. ಸೋಮವಾರ ಗಾಜು ತೆರೆದು, ಕಣ್ಣು ಮುಚ್ಚಿ, ಮುಟ್ಟಿದೆ. ಮುಳ್ಳುಗಳು ದಪ್ಪ, ಒತ್ತಿದರೂ ಬಾಗುವುದಿಲ್ಲ. ಹನ್ನೆರಡರ ಹತ್ತಿರ ಉಬ್ಬಿದ ಮೊಳೆತಲೆ ಮೂರು, ಮೂರು, ಆರು, ಒಂಬತ್ತರ ಹತ್ತಿರ ಎರಡೆರಡು, ಉಳಿದವಕ್ಕೆ ಒಂದೊಂದು. ಕಣ್ಣು ಮುಚ್ಚಿಕೊಂಡೇ ಹನ್ನೊಂದೂವರೆ ಅಂದೆ. ಮರಿಯಾನೆ ತನ್ನ ಕೈಗಡಿಯಾರ ನೋಡಿ, ಕರೆಕ್ಟು ಸಾರ್ ಅಂದ. ಆಮೇಲೆ ತಾನೂ ಕಣ್ಣು ಮುಚ್ಚಿ, ಆ ಬಾಳೆಕಾಯಿಯಂಥ ಬೆರಳನ್ನು ಮೆಲ್ಲಗೆ ಆಡಿಸಿ ನೋಡಿದ. ನಾನು ಬೇಡ ಅನ್ನಲಿಲ್ಲ. ಇಬ್ಬರು ಗಂಡಸರು ನೆಲಮಾಳಿಗೆಯಲ್ಲಿ ಕಣ್ಣು ಮುಚ್ಚಿಕೊಂಡು ಗಡಿಯಾರದ ಮುಖ ಸವರುತ್ತ ನಿಂತಿದ್ದೆವು. ನೋಡಿದವರು ಹುಚ್ಚು ಹಿಡಿದಿದೆ ಎನ್ನಬೇಕು.

ಆಗ ನಿನ್ನ ಗಡಿಯಾರದ ಮುಖ ನೆನಪಾಯಿತು. ಈ ಹದಿನೆಂಟರ ಮುಖ ಹೊಸದರಂತೆ ಹೊಳೆಯುತ್ತದೆ, ಯಾರೂ ಹೆಚ್ಚು ಬಳಸಿಲ್ಲ. ನಿನ್ನದರಲ್ಲಿ ಅಂಕಿಗಳ ಸುತ್ತ ಬೆಳ್ಳಿ ಪೂರ್ತಿ ಹೋಗಿ ಹಿತ್ತಾಳೆ ಕಾಣುತ್ತದೆ, ಉಂಗುರದ ಹಾಗೆ. ಐದು, ಆರರ ಹತ್ತಿರ ಎಲ್ಲಕ್ಕಿಂತ ಹೆಚ್ಚು ಸವೆದಿದೆ. ಅದು ಅವಳ ಬೆರಳು ಕಣೇ. ಅವಳು ಏಳುವ ಹೊತ್ತು ಅದಿರಬೇಕು. ಒಂದು ಇಡೀ ಆಯುಷ್ಯ ಎದ್ದು ಮುಟ್ಟಿ, ಮತ್ತೆ ಮುಟ್ಟಿ, ಬೆಳ್ಳಿಯನ್ನು ಸವೆಸಿದ್ದಾಳೆ. ಇದನ್ನು ನೆನೆದು ನೆಲಮಾಳಿಗೆಯಲ್ಲಿ ನನಗೆ ಅಳು ಬಂತು. ಬರೆಯುವಾಗಲೂ ಬರುತ್ತಿದೆ.

ಈಗ ಆ ದಿನದ ಮಾತು. ನಿಮ್ಮಮ್ಮ ಹೋದ ಮೇಲೆ ಅವರ ಸಾಮಾನು ಹಂಚಿಕೊಳ್ಳಲು ನೀವು ಮೂವರೂ ಕೂತಿದ್ದಿರಿ. ನನಗೆ ಬೇರೇನೂ ಬೇಡ, ಗಡಿಯಾರ ಒಂದು ಸಾಕು ಎಂದು ನೀನಂದೆ. ನಿಮ್ಮಣ್ಣ, ಮನೆಯಲ್ಲೇ ತಜ್ಞರಿದ್ದಾರಲ್ಲ, ಭಾವನೇ ನೋಡಿ ಹೇಳಲಿ ಅಂದರು. ನಾನು ಟಾರ್ಚು ತೆಗೆದೆ. ಮುಖ ಸವೆದಿದೆ ಅಂದೆ. ಯಾರೋ ಪುಂಡರು ಮೊಳೆ ಹೊಡೆದಿದ್ದಾರೆ ಅಂದೆ. ಹಿಂದಿನ ತಗಡಿನಲ್ಲಿ ಐದು ಖಾಲಿ ತೂತು ಇವೆ, ಅಂದರೆ ಈ ಯಂತ್ರ ಬೇರೆ ಯಾವುದೋ ಪೆಟ್ಟಿಗೆಯದು, ಇದು ಗಂಟು ಹಾಕಿದ ಮಾಲು, ಸೌದೆ ಬೆಲೆ ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಗಡಿಯಾರ ಉತ್ತರ ಹೇಳೋದಂತೆ, ಪಾಪ ಕುರುಡಮ್ಮನಿಗೆ ಯಾರೋ ಚೆನ್ನಾಗಿ ಕಿವಿ ಮೇಲೆ ಹೂವಿಟ್ಟಿದ್ದಾರೆ ಅಂತಲೂ ಅಂದೆ. ಎಲ್ಲರೂ ನಕ್ಕರು. ನೀನು ಗಡಿಯಾರ ಎತ್ತಿಕೊಂಡು ಎದ್ದುಹೋದೆ. ಎರಡು ತಿಂಗಳಿಗೆ ಮನೆಯನ್ನೂ ಬಿಟ್ಟೆ. ಹೋಗುವಾಗ, ನನ್ನ ಮುತ್ತಜ್ಜೀನ ಎಲ್ಲರೆದುರು ಸುಳ್ಳಿ ಮಾಡಿದ್ರಿ, ನಾಳೆ ನನ್ನನ್ನೂ ಮಾಡ್ತೀರಿ ಎಂದಿದ್ದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಾನು ಸುಮ್ಮನಿದ್ದೆ.

ಆ ಐದು ತೂತುಗಳ ಕಥೆ ಕೇಳು. ಮದುವೆಯಾದ ಹೊಸತು, ನಿಮ್ಮ ಮನೆಗೆ ಬಂದಿದ್ದೆ. ಗಡಿಯಾರ ನಿಂತಿತ್ತು. ಹೊಸ ಅಳಿಯ, ಅದರಲ್ಲೂ ಗಡಿಯಾರದ ಕೆಲಸದವನು, ಸುಮ್ಮನಿರುತ್ತೇನೆಯೇ! ಬಿಚ್ಚಿದೆ. ಒಳಗೆ ಒಂದು ಸನ್ನೆಕೋಲು, ಒಂದು ಸ್ಪ್ರಿಂಗು, ಪುಟ್ಟದೊಂದು ಗಂಟೆ, ಅದರ ಸುತ್ತಿಗೆ, ಎಲ್ಲ ತುಕ್ಕು ಹಿಡಿದು ಗಾಲಿಗೆ ಅಡ್ಡ ಕೂತಿದ್ದವು. ಅವು ಏನಕ್ಕೆ ಎಂದು ನನಗೆ ಗೊತ್ತಾಗಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಬರಲಿಲ್ಲ. ಯಾರೋ ಆಮೇಲೆ ತುರುಕಿದ ಬೇಡದ ಸಾಮಾನು ಎಂದುಕೊಂಡು ಕಿತ್ತು ಜೇಬಿಗೆ ಹಾಕಿದೆ, ಪೆಟ್ಟಿಗೆಯ ಪಕ್ಕದಲ್ಲಿದ್ದ, ದಾರದ್ದೆಂದು ಈಗ ತಿಳಿದ ತೂತಿಗೆ ಮರದ ಬಿರಡೆ ಹೊಡೆದೆ. ಗಡಿಯಾರ ಓಡಿತು. ನಿಮ್ಮಮ್ಮ, ಅಳಿಯಂದ್ರ ಕೈಯಲ್ಲಿ ಜಾದೂ ಇದೆ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದರು. ಅಂದರೆ ತೂತು ಖಾಲಿ ಮಾಡಿದವನೂ ನಾನೇ, ಹತ್ತೊಂಬತ್ತು ವರ್ಷದ ಮೇಲೆ ತೂತು ಖಾಲಿ ಇದೆ ಎಂದು ತೀರ್ಪು ಕೊಟ್ಟವನೂ ನಾನೇ. ಅಷ್ಟು ಹಳೆಯ ಮಾತು, ಆ ದಿನ ನನಗೆ ನೆನಪೇ ಬರಲಿಲ್ಲ.

ಒಂದು ಸ್ಕ್ರೂ ಕೂಡ ಎಸೆಯುವುದಿಲ್ಲ ಎಂದು ನನ್ನನ್ನು ಬೈಯುತ್ತಿದ್ದೆಯಲ್ಲ, ಆ ಕೆಟ್ಟ ಚಾಳಿ ಈಗ ಕೆಲಸಕ್ಕೆ ಬಂತು. ಎರಡು ದಿನ ಡಬ್ಬಿಗಳನ್ನೆಲ್ಲ ಸುರಿದು ಹುಡುಕಿದೆ. ಎಲ್ಲ ಸಿಕ್ಕವು. ತುಕ್ಕು ತೆಗೆದು, ಹದಿನೆಂಟರ ಪಕ್ಕದಲ್ಲಿಟ್ಟು ತಾಳೆ ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಈ ಕಾಗದದ ಜೊತೆ ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ. ನಾನೇ ಬಂದು ಕೂರಿಸಬೇಕು ಎಂದೇನಿಲ್ಲ. ಮಾರುಕಟ್ಟೆಯ ಹಿಂದಿನ ರಿಪೇರಿ ಮೇಷ್ಟ್ರಿಗೆ ಯಾವುದು ಎಲ್ಲಿ ಎಂದು ಚಿತ್ರ ಬರೆದುಕೊಟ್ಟಿದ್ದೇನೆ. ಅವರು ನನಗಿಂತ ಕಡಿಮೆ ಮಾತಾಡುತ್ತಾರೆ, ನಿನಗೆ ಹಿಡಿಸುತ್ತಾರೆ. ಮುಖಕ್ಕೆ ಮಾತ್ರ ಹೊಸ ಬೆಳ್ಳಿ ಹಾಕಿಸಬೇಡ. ಯಾರು ಹೇಳಿದರೂ ಬೇಡ.

ನಿಮ್ಮಣ್ಣನಿಗೂ ತಂಗಿಗೂ ಇಷ್ಟನ್ನೂ ಬರೆದು ಹಾಕಿದ್ದೇನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಗೊತ್ತು. ನಿನ್ನ ಮುತ್ತಜ್ಜಿ ಹೇಳಿದ್ದು ನಿಜ. ನೀನು ಹೇಳಿದ್ದೂ ನಿಜ. ಗಡಿಯಾರ ಇಟ್ಟುಕೋ.

ಇಂತಿ,
ನೀನೇ ಹೆಸರಿಟ್ಟ
ಗೊಣಗಪ್ಪ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಆ ದಿನ ನೆನಪೇ ಬರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ನಿಮ್ಮಣ್ಣನಿಗೂ ತಂಗಿಗೂ ಬರೆದದ್ದರಲ್ಲೂ ಅದೇ ಸುಳ್ಳಿದೆ, ಈ ಕಾಗದವನ್ನು ಅವರಿಗೆ ತೋರಿಸು. ಟಾರ್ಚಿನ ಬೆಳಕು ಆ ತೂತುಗಳ ಮೇಲೆ ಬಿದ್ದ ಕ್ಷಣಕ್ಕೇ ಎಲ್ಲ ನೆನಪಾಗಿತ್ತು, ಮರದ ಬಿರಡೆ ಕೂಡ. ಅಷ್ಟು ಹೊತ್ತಿಗೆ ಮುಖ ಸವೆದಿದೆ, ಮೊಳೆ ಹೊಡೆದಿದ್ದಾರೆ ಎಂದು ಹೇಳಿ ಆಗಿತ್ತು, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನೀನು ಒಂದೇ ಒಂದು ಸಲ, ಸರಿಯಾಗಿ ನೋಡಿದ್ರಾ ಎಂದು ಮೆಲ್ಲಗೆ ಕೇಳಿದೆ. ನಾನು ನಿನ್ನ ಮುಖ ನೋಡದೆ, ನೋಡಿದೆ ಅಂದೆ.